ಮಗಳನ್ನು ಚರ್ಚಿನವರ ಜೊತೆ ಟಿಹುವಾನಾಗೆ ಮನೆ ಕಟ್ಟಲು ಕಳುಹಿಸಬಹುದೇ?

ನೀವು ಕೇಳಿರುವುದು ಇಷ್ಟು: ಸ್ಯಾನ್ ಡಿಯಾಗೋದಲ್ಲಿ ಹತ್ತನೆಯ ತರಗತಿ ಓದುತ್ತಿರುವ ನಿಮ್ಮ ಮಗಳನ್ನು ಗೆಳತಿಯ ಚರ್ಚಿನವರು ವಸಂತದ ರಜೆಯಲ್ಲಿ ಮೆಕ್ಸಿಕೋದ ಟಿಹುವಾನಾಗೆ ಕರೆದಿದ್ದಾರೆ. ಅಲ್ಲಿ ಒಂದು ಬಡ ಕುಟುಂಬಕ್ಕೆ ಮನೆ ಕಟ್ಟಿಕೊಡುವ ಸೇವಾ ಪ್ರವಾಸ. ನೀವು ಹಿಂದೂಗಳು. ಮಗಳಿಗೆ ಹೋಗುವ ಆಸೆ, ನಿಮಗೆ ಅನುಮಾನ. ಆ ಬಡವರಿಗೆ ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ, ಇದು ಮತಾಂತರದ ಕೆಲಸವೇ, ಹುಡುಗಿ ಕ್ಷೇಮವಾಗಿ ಮರಳುತ್ತಾಳೆಯೇ ಎಂದು ಕೇಳಿದ್ದೀರಿ.

ನಾನು ಮಂಗಳೂರಿನ ಪ್ರಾಟೆಸ್ಟೆಂಟ್ ಕುಟುಂಬದವನು. ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಬಂದು ಬಹಳ ಕಾಲವಾಯಿತು. ನಮ್ಮ ಚರ್ಚಿನ ಸಭೆಯ ಯುವಜನರನ್ನು ಕರೆದುಕೊಂಡು ಇದೇ ಕೆಲಸಕ್ಕೆ ಆಗಾಗ ಗಡಿ ದಾಟುತ್ತೇನೆ. ಹಾಗಾಗಿ ನನ್ನನ್ನು ತಟಸ್ಥನೆಂದು ತಿಳಿಯಬೇಡಿ. ನನ್ನ ಉತ್ತರ: ಕಳುಹಿಸಿ. ಆದರೆ ನಿಮ್ಮ ಮಗಳ ಸುತ್ತಿಗೆಯಿಂದ ಅಲ್ಲಿಯ ಬಡತನ ನೀಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ವಿಚಾರಿಸಿಕೊಳ್ಳದೆ ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಬೇಡಿ.

ಮೊದಲು ಆ ಊರಿನ ಬಡತನ ಎಂಥದು ಎಂದು ತಿಳಿಯಬೇಕು. ಟಿಹುವಾನಾದಲ್ಲಿ ಕೆಲಸಕ್ಕೆ ಬರವಿಲ್ಲ. ಟಿವಿ, ವೈದ್ಯಕೀಯ ಉಪಕರಣ, ವಾಹನದ ಬಿಡಿಭಾಗಗಳನ್ನು ಜೋಡಿಸಿ ಅಮೆರಿಕಕ್ಕೆ ಕಳುಹಿಸುವ ಕಾರ್ಖಾನೆಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ಅವುಗಳನ್ನು ಮಾಕಿಲಾಡೋರಾ ಎನ್ನುತ್ತಾರೆ. ಮೆಕ್ಸಿಕೋದ ಬೇರೆ ರಾಜ್ಯಗಳಾದ ಓಅಹಾಕಾ, ಸಿನಲೋವಾ, ಚಿಯಾಪಾಸ್ ಕಡೆಗಳಿಂದ ಜನ ಈ ಕೆಲಸಕ್ಕೆಂದೇ ಬರುತ್ತಾರೆ. ಆದರೆ ಕೂಲಿ? ಗಡಿ ಪ್ರದೇಶದ ಕನಿಷ್ಠ ದಿನಗೂಲಿಯನ್ನು 2019ರಲ್ಲಿ ಸರ್ಕಾರ ದುಪ್ಪಟ್ಟು ಮಾಡಿ 176.72 ಪೆಸೊಗೆ ಏರಿಸಿತು. 2025ರಲ್ಲಿ ಅದು 419.88 ಪೆಸೊ, ಅಂದರೆ ಸುಮಾರು 21 ಡಾಲರ್. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಒಂದು ಗಂಟೆಯ ಕನಿಷ್ಠ ಕೂಲಿ 16.50 ಡಾಲರ್. ಬೇಲಿಯ ಆಚೆ ಇಡೀ ದಿನ ದುಡಿದದ್ದು ಈಚೆಯ ಒಂದೂಕಾಲು ಗಂಟೆಯ ಸಂಬಳಕ್ಕೆ ಸಮ. ಆ ಹಣದಲ್ಲಿ ಕಂತು ಕಟ್ಟಿ ಗುಡ್ಡದ ಮೇಲೆ ಒಂದು ತುಂಡು ಜಾಗ ಕೊಳ್ಳಬಹುದು. ಅದರ ಮೇಲೆ ಮನೆ ಏಳುವುದಿಲ್ಲ.

ಹಾಗಾಗಿ ಸಿಕ್ಕಿದ್ದರಲ್ಲಿ ಕಟ್ಟಿಕೊಳ್ಳುತ್ತಾರೆ. ಸ್ಯಾನ್ ಡಿಯಾಗೋದವರು ಹೊಸದು ಹಾಕಿಸುವಾಗ ಕಿತ್ತೆಸೆದ ಗ್ಯಾರೇಜ್ ಬಾಗಿಲುಗಳು ಗಡಿ ದಾಟಿ ಅಲ್ಲಿ ಗೋಡೆಗಳಾಗುತ್ತವೆ. ಹಳೆಯ ಟಯರುಗಳಿಗೆ ಮಣ್ಣು ತುಂಬಿ, ಒಂದರ ಮೇಲೊಂದು ಪೇರಿಸಿ, ಗುಡ್ಡ ಜಾರದಂತೆ ತಡೆಗೋಡೆ ಮಾಡುತ್ತಾರೆ. ನಲ್ಲಿ ಬಾರದ ಕಡೆ ಟ್ಯಾಂಕರ್ ನೀರು, ಬಾಗಿಲ ಬಳಿ ಡ್ರಮ್ಮು. ಅಲ್ಲಿ ಮಳೆಗಾಲ ಬರುವುದು ಚಳಿಗಾಲದಲ್ಲೇ. ನೆಲ ಬರಿ ಮಣ್ಣಾದರೆ ಡಿಸೆಂಬರಿನಲ್ಲಿ ಮಕ್ಕಳು ಮಲಗುವುದು ಕೆಸರಿನ ಪಕ್ಕದಲ್ಲಿ.

ಈ ನೆಲದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮೆಕ್ಸಿಕೋದ ಕೋಅವಿಲಾ ರಾಜ್ಯದಲ್ಲಿ 2000ನೇ ಇಸವಿಯಲ್ಲಿ ‘ಪಿಸೋ ಫಿರ್ಮೆ’ ಎಂಬ ಸರ್ಕಾರಿ ಯೋಜನೆ ಶುರುವಾಯಿತು. ಮಣ್ಣಿನ ನೆಲವಿರುವ ಮನೆಗಳಿಗೆ ಸಿಮೆಂಟ್ ನೆಲ ಹಾಕಿಕೊಡುವುದು, ಅಷ್ಟೇ. ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಅಳೆದು 2009ರಲ್ಲಿ ಪ್ರಕಟಿಸಿದರು: ಮಣ್ಣಿನ ನೆಲ ಪೂರ್ತಿ ಸಿಮೆಂಟಾದ ಮನೆಗಳಲ್ಲಿ ಚಿಕ್ಕ ಮಕ್ಕಳ ಹೊಟ್ಟೆಹುಳುವಿನ ಬಾಧೆ ಶೇ 78ರಷ್ಟು, ಭೇದಿ ಶೇ 49ರಷ್ಟು ಇಳಿದಿತ್ತು. ರಕ್ತಹೀನತೆಯೂ ಬಹಳ ತಗ್ಗಿತ್ತು. ಔಷಧವಿಲ್ಲ, ಉಪದೇಶವಿಲ್ಲ, ಬರಿ ನೆಲ.

ಈಗ ನೋಡಿ, ನಾವು ಕಟ್ಟುವ ಮನೆ 16 ಅಡಿ ಅಗಲ, 20 ಅಡಿ ಉದ್ದದ್ದು. ಅದರ ಕಾಂಕ್ರೀಟ್ ನೆಲ ನಾವು ಹೋಗುವ ಹೊತ್ತಿಗೆ ಹಾಕಿ, ನೀರುಣಿಸಿ, ಗಟ್ಟಿಯಾಗಿರುತ್ತದೆ. ಹಾಕಿದವರು ಅಲ್ಲಿಯ ಮೇಸ್ತ್ರಿಗಳು, ಕೂಲಿ ಪಡೆದು. ಅಂದರೆ ಆ ಮನೆಯಲ್ಲಿ ಮಗುವಿನ ಆರೋಗ್ಯವನ್ನು ಎಲ್ಲಕ್ಕಿಂತ ಹೆಚ್ಚು ಕಾಯುವ ಭಾಗ ನಿಮ್ಮ ಮಗಳು ವ್ಯಾನು ಹತ್ತುವ ಮೊದಲೇ ಮುಗಿದಿರುತ್ತದೆ! ಇದನ್ನು ನಾನು ಪ್ರತಿ ಸಲ ಹುಡುಗರಿಗೆ ಹೇಳುತ್ತೇನೆ. ಕೆಲವರಿಗೆ ಮುಖ ಸಣ್ಣದಾಗುತ್ತದೆ, ಆಗಲಿ.

ಉಳಿದದ್ದು ಮರದ ಚೌಕಟ್ಟು, ಚಾವಣಿ, ಗಾರೆ. ಚೌಕಟ್ಟಿನ ಹೊರಗೆ ಡಾಂಬರು ಕಾಗದ ಸುತ್ತಿ, ಅದರ ಮೇಲೆ ಕೋಳಿಗೂಡಿನ ತಂತಿ ಜಾಲರಿ ಬಿಗಿದು, ಅದಕ್ಕೆ ಗಾರೆ ಮೆತ್ತುತ್ತಾರೆ. ನೋಡಲು ಸುಲಭ. ಹಲಗೆಯ ಮೇಲೆ ಒಂದು ಮುದ್ದೆ ಗಾರೆ ಇಟ್ಟುಕೊಂಡು ಕರಣೆಯಿಂದ ಕೆಳಗಿನಿಂದ ಮೇಲಕ್ಕೆ ಒತ್ತಿ ಎಳೆಯಬೇಕು. ಒತ್ತು ಸಾಲದಿದ್ದರೆ ಜಾಲರಿಯನ್ನು ಹಿಡಿಯದೆ ನಿಮ್ಮ ಬೂಟಿನ ಮೇಲೆ ಬೀಳುತ್ತದೆ, ನೀರು ಹೆಚ್ಚಾಗಿದ್ದರೆ ಗೋಡೆಯಿಂದ ಅಂಬಲಿಯಂತೆ ಇಳಿಯುತ್ತದೆ. ಒಂದು ಸಲ ನಮ್ಮ ಹುಡುಗರು ಅರ್ಧ ಬಕೆಟ್ ಗಾರೆಯನ್ನು ನೆಲಕ್ಕೇ ಉಣಿಸಿದ ಮೇಲೆ ಮನೆಯಾಕೆಯ ಮೈದುನ ಬಂದ, ರಾತ್ರಿ ಪಾಳಿ ಮುಗಿಸಿ ನಿದ್ದೆಯನ್ನೂ ಮಾಡದೆ. ಏನೂ ಮಾತಾಡಲಿಲ್ಲ. ಕರಣೆ ತೆಗೆದುಕೊಂಡು ಮೊಣಕೈಯನ್ನು ಮೈಗೆ ಒತ್ತಿ ಹಿಡಿದು ಒಂದೇ ಎಳೆತಕ್ಕೆ ಕೈಯಗಲದ ಪಟ್ಟಿಯನ್ನು ಸೊಂಟದಿಂದ ತಲೆಯವರೆಗೆ ಎಳೆದ. ಹುಡುಗರು ತಾವಾಗಿಯೇ ಕಲಸುವ ಮತ್ತು ಹೊರುವ ಕೆಲಸಕ್ಕೆ ಸರಿದರು. ಅವರಿಗೆ ತಕ್ಕ ಜಾಗ ಅದೇ: ಕೆಲಸ ಬಲ್ಲವನ ಕೈಯಾಳಾಗಿ ನಿಲ್ಲುವುದು.

ಯಾರ ಮಾತು ನಡೆಯುತ್ತದೆ ಎಂದೆನಲ್ಲ, ಅದಕ್ಕೊಂದು ಉದಾಹರಣೆ. ಮನೆಯ ನಕ್ಷೆ ಎಲ್ಲರಿಗೂ ಒಂದೇ. ಕಿಟಕಿ ಬೀದಿಯ ಕಡೆಗೆ. ಒಂದು ಕುಟುಂಬದ ತಾಯಿ ಚೌಕಟ್ಟು ಎಬ್ಬಿಸುವ ಮೊದಲು ಅಲ್ಲಿಯ ಚರ್ಚಿನ ಸಭಾಪಾಲಕರನ್ನು, ಅಂದರೆ ಪಾಸ್ಟರನ್ನು, ಪಕ್ಕಕ್ಕೆ ಕರೆದು ಬೇಡವೆಂದಳು. ಬೀದಿ ಡಾಂಬರು ಕಾಣದ್ದು, ನೀರಿನ ಟ್ಯಾಂಕರ್ ಹೋದಾಗಲೆಲ್ಲ ಮನೆಯೊಳಗೆ ಧೂಳು. ಅಲ್ಲದೆ ಹಿತ್ತಿಲಲ್ಲಿ ಆಡುವ ಮಕ್ಕಳು ಒಲೆಯ ಮುಂದಿನಿಂದ ಕಾಣಬೇಕು. ನಮ್ಮ ತಂಡದ ಎಂಜಿನಿಯರ್ ಒಬ್ಬರು, ಮರವೆಲ್ಲ ಅಳತೆಗೆ ಕತ್ತರಿಸಿಯಾಗಿದೆ ಎಂದು ಗೊಣಗಿದರು. ಸಭಾಪಾಲಕರು ನಗುತ್ತಲೇ, ‘ಮನೆ ಅವಳದು’ ಎಂದರು. ಗೋಡೆಗಳ ಜಾಗ ಅದಲು ಬದಲಾಯಿತು, ಎರಡು ಗಂಟೆ ತಡವಾಯಿತು. ಆ ಸಭಾಪಾಲಕರು ಅದೇ ಬಡಾವಣೆಯವರು. ಯಾವ ಕುಟುಂಬಕ್ಕೆ ಮನೆ ಎಂದು ಆರಿಸುವವರು, ಜಾಗದ ಕಾಗದ ಪತ್ರ ನೋಡುವವರು, ನಾವು ಹೊರಟ ಮೇಲೆ ಚಾವಣಿ ಸೋರಿದರೆ ಬೈಸಿಕೊಳ್ಳುವವರು ಅವರೇ. ಅಂಥವರೊಬ್ಬರು ಇಲ್ಲದಿದ್ದರೆ ಆ ತಾಯಿ ನಮ್ಮೆದುರು ಬಾಯಿ ಬಿಡುತ್ತಿರಲಿಲ್ಲ. ಉಚಿತವಾಗಿ ಮನೆ ಕೊಡಲು ಬಂದವರಿಗೆ ಕಿಟಕಿ ಸರಿಯಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದ್ದೀತು?

ಖರ್ಚಿನ ಲೆಕ್ಕಕ್ಕೆ ಬರೋಣ. ಪ್ರವಾಸಕ್ಕೆ ಸುರಿಯುವ ಹಣವನ್ನೇ ಅಲ್ಲಿಗೆ ಕಳುಹಿಸಬಾರದೇ ಎಂದು ಟೀಕಿಸುವವರ ವಾದ ಗಟ್ಟಿಯಾಗಿದೆ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ಹಾಳುಗೆಡವಿದ ಮೇಲೆ ಉತ್ತರ ಅಮೆರಿಕದ ಚರ್ಚುಗಳ ತಂಡಗಳು ಅಲ್ಲಿಗೆ ಹೋಗಿ ಮನೆ ಕಟ್ಟಿದವು. ಕರ್ಟ್ ವೆರ್ ಬೇಕ್ ಎಂಬ ಸಮಾಜಶಾಸ್ತ್ರಜ್ಞರು, ಅವರೂ ಕ್ರೈಸ್ತರೇ, ಆಮೇಲೆ ಹೋಗಿ ವಿಚಾರಿಸಿದರು. ಪರದೇಶದ ತಂಡ ಕಟ್ಟಿದ ಮನೆಯವರಿಗೂ ಸ್ಥಳೀಯರೇ ಕಟ್ಟಿದ ಮನೆಯವರಿಗೂ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಮನೆಗೆ ಸುಮಾರು 2,000 ಡಾಲರ್ ಸಾಕಾಗಿದ್ದರೆ, ತಂಡವೊಂದರ ಪ್ರವಾಸದ ಖರ್ಚು ಸುಮಾರು 30,000 ಡಾಲರ್. ಹೋಗಿ ಬಂದವರ ಜೀವನವೇ ಬದಲಾಗಿ ಮುಂದೆ ಧಾರಾಳವಾಗಿ ಕೊಡುತ್ತಾರೆ ಎಂಬ ನಂಬಿಕೆಯೂ ಆ ಲೆಕ್ಕದ ಮುಂದೆ ನಿಲ್ಲಲಿಲ್ಲ.

ನಾನು ಈ ವಾದವನ್ನು ಒಪ್ಪುತ್ತೇನೆ. ಅದಕ್ಕಾಗಿಯೇ ವಿಮಾನ ಹತ್ತಿ ಹೋಗುವ ಮನೆ ಕಟ್ಟುವ ಪ್ರವಾಸಗಳಿಗೆ ನನ್ನ ಬೆಂಬಲವಿಲ್ಲ. ಟಿಹುವಾನಾದ ಲೆಕ್ಕ ಬೇರೆ. ಸ್ಯಾನ್ ಡಿಯಾಗೋದಿಂದ ವ್ಯಾನಿನಲ್ಲಿ ಅರ್ಧ ಗಂಟೆಯ ದಾರಿ. ಸಂಗ್ರಹಿಸಿದ ಹಣದ ದೊಡ್ಡ ಪಾಲು ಮರ, ಸಿಮೆಂಟು, ಮೇಸ್ತ್ರಿಯ ಕೂಲಿಗೇ ಹೋಗಬೇಕು, ಹೋಗಲು ಸಾಧ್ಯವೂ ಇದೆ. ಸಾಮಾನನ್ನು ಅಲ್ಲಿಯ ಅಂಗಡಿಗಳಲ್ಲೇ ಕೊಂಡರೆ ಇನ್ನೂ ಒಳ್ಳೆಯದು. ನಿಮ್ಮಿಂದ ಎಷ್ಟು ಹಣ ಕೇಳುತ್ತಿದ್ದಾರೆ, ಅದರಲ್ಲಿ ಮನೆಗೆ ಎಷ್ಟು, ಊಟ, ವಸತಿ, ಟಿ-ಶರ್ಟಿಗೆ ಎಷ್ಟು ಎಂದು ಕೇಳಿ. ಕೇಳಲು ಸಂಕೋಚ ಬೇಡ. ಲೆಕ್ಕ ಕೊಡಲಾಗದವರ ಜೊತೆ ಮಗಳನ್ನೂ ಕಳುಹಿಸಬೇಡಿ.

ಮಂಗಳೂರಿನವನಾದ್ದರಿಂದ ಒಂದು ಮಾತು ಸೇರಿಸದೆ ಇರಲಾರೆ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ನಮ್ಮೂರಿಗೆ ಬಂದಿಳಿದರು. ಬಂದವರು ಒಂದು ವಾರದಲ್ಲಿ ಫೋಟೊ ತೆಗೆಸಿಕೊಂಡು ಹಿಂದಿರುಗಲಿಲ್ಲ. ಭಾಷೆ ಕಲಿತರು, ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾಯಿತು. ಮತ ಬದಲಿಸಿ ಕುಲದ ಕಸುಬು, ಮನೆ ಮಠ ಕಳೆದುಕೊಂಡವರಿಗೆ ದುಡಿಮೆ ಬೇಕೆಂದು ನೇಯ್ಗೆ ಶುರು ಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಅವರ ಉದ್ದೇಶ ಮತಪ್ರಚಾರವೇ, ಅದನ್ನು ಮುಚ್ಚಿಡುವುದು ಬೇಡ. ಕಾರ್ಖಾನೆಯ ಶಿಸ್ತೂ ಕಟುವಾಗಿತ್ತು. ಆದರೆ ಹತ್ತಾರು ವರ್ಷ ಒಂದೇ ಕಡೆ ನಿಂತವರಿಗೆ ತಮ್ಮ ಕೆಲಸದ ಫಲವನ್ನು, ಕೆಟ್ಟದ್ದನ್ನೂ ಸೇರಿಸಿ, ಕಣ್ಣಾರೆ ನೋಡಬೇಕಾಗುತ್ತದೆ. ವಾರಾಂತ್ಯದ ಸೇವೆಗೆ ಆ ಭಯವಿಲ್ಲ. ಆದ್ದರಿಂದ ನೀವು ವಿಚಾರಿಸಬೇಕಾದ್ದು ಇದನ್ನು: ಈ ಚರ್ಚಿನವರು ವರ್ಷ ವರ್ಷ ಅದೇ ಬಡಾವಣೆಗೆ, ಅದೇ ಸ್ಥಳೀಯ ಸಭೆಯ ಜೊತೆ ಹೋಗುತ್ತಾರೆಯೇ, ಅಥವಾ ಈ ವರ್ಷ ಮೆಕ್ಸಿಕೋ, ಮುಂದಿನ ವರ್ಷ ಕೋಸ್ಟರಿಕಾ ಎಂದು ಊರೂರು ಅಲೆಯುತ್ತಾರೆಯೇ?

ಇನ್ನು ಮತಾಂತರ. ಮೆಕ್ಸಿಕೋ ಮೊದಲೇ ಕ್ರೈಸ್ತರ ದೇಶ. 2020ರ ಜನಗಣತಿಯ ಪ್ರಕಾರ ಶೇ 77.7ರಷ್ಟು ಜನ ಕ್ಯಾಥೋಲಿಕರು, ಶೇ 11.2ರಷ್ಟು ಪ್ರಾಟೆಸ್ಟೆಂಟ್ ಮತ್ತು ಇವ್ಯಾಂಜೆಲಿಕಲ್ ಪಂಗಡದವರು. ಅಲ್ಲಿ ಎಳೆದಾಟ ನಡೆಯುವುದು ಕ್ರೈಸ್ತರ ಪಂಗಡಗಳ ನಡುವೆ. ಕ್ಯಾಥೋಲಿಕ್ ಅಜ್ಜಿಯ ಮನೆಗೆ ಇವ್ಯಾಂಜೆಲಿಕಲ್ ಹುಡುಗರು ಬೈಬಲ್ ಕೊಟ್ಟು ಬರುವುದನ್ನು ನಾನು ಕಂಡಿದ್ದೇನೆ. ಅಜ್ಜಿ ಅದನ್ನು ಗ್ವಾದಲೂಪೆ ಮಾತೆಯ, ಅಂದರೆ ಅಲ್ಲಿಯ ಕ್ಯಾಥೋಲಿಕರು ಪೂಜಿಸುವ ಮೇರಿಯಮ್ಮನ, ಚಿತ್ರದ ಕೆಳಗೆ ಇಟ್ಟು ಕೈಮುಗಿದಳು, ಅಲ್ಲಿಗೆ ಮುಗಿಯಿತು. ಆದರೆ ಸಭೆಗೆ ಬಂದರೆ ಮಾತ್ರ ಮನೆ ಎಂಬ ಷರತ್ತಿದ್ದರೆ ಅದು ಸೇವೆಯಲ್ಲ, ವ್ಯಾಪಾರ. ನಿಮ್ಮ ಮಗಳ ವಿಷಯಕ್ಕೆ ಬಂದರೆ, ಬೆಳಿಗ್ಗೆ ಸಂಜೆ ಪ್ರಾರ್ಥನೆ, ಹಾಡು, ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದನೆಂದು ಸಾಕ್ಷಿ ಹೇಳುವುದು ಇದ್ದೇ ಇರುತ್ತದೆ. ಬೀಗದ ಕೈ ಒಪ್ಪಿಸುವಾಗ ಎಲ್ಲರೂ ಕೈಕೈ ಹಿಡಿದು ಪ್ರಾರ್ಥಿಸುತ್ತಾರೆ. ಅವಳು ಸುಮ್ಮನೆ ಕುಳಿತಿರಬಹುದೇ ಎಂದು ನಾಯಕರನ್ನು ನೇರವಾಗಿ ಕೇಳಿ. ಒಳ್ಳೆಯ ನಾಯಕರು ತಕ್ಷಣ ಹೌದೆನ್ನುತ್ತಾರೆ. ಆ ಬೀಗದ ಕೈಯ ಹೊತ್ತಿನ ಸೆಲ್ಫಿಗಳ ಬಗ್ಗೆಯೂ ಕೇಳಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಬೈಬಲ್ ನಮಗೆ ಹೇಳಿಕೊಟ್ಟಿದೆ. ಎಡಗೈಯಲ್ಲಿ ಮೊಬೈಲ್ ಹಿಡಿದಿದ್ದರೆ ತಿಳಿಯದೆ ಇರುವುದು ಹೇಗೆ?

ಒಂದು ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತ. ಕಾರ್ಯಕ್ರಮ ಪಟ್ಟಿಯಲ್ಲಿ ಅನಾಥಾಶ್ರಮದ ಭೇಟಿ ಇದ್ದರೆ ಆ ದಿನ ಮಗಳನ್ನು ಕಳುಹಿಸಬೇಡಿ. 2010ರ ಜನವರಿಯಲ್ಲಿ ಹೈಟಿಯ ಭೂಕಂಪದ ಬೆನ್ನಿಗೇ ಅಮೆರಿಕದ 10 ಮಂದಿ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರು 33 ಮಕ್ಕಳನ್ನು ಕಾಗದ ಪತ್ರವಿಲ್ಲದೆ ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾದರು. ಅನಾಥರೆಂದು ಹೇಳಿದ್ದ ಆ ಮಕ್ಕಳಿಗೆ ಹೆತ್ತವರಿದ್ದರು. ಕಾಂಬೋಡಿಯಾದಲ್ಲಿ 2005ರಿಂದ 2010ರೊಳಗೆ ಅನಾಥಾಲಯಗಳ ಸಂಖ್ಯೆ ಶೇ 75ರಷ್ಟು ಏರಿತು. ಅಲ್ಲಿದ್ದ ನಾಲ್ಕರಲ್ಲಿ ಮೂರರಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದರು ಎಂದು ಯುನಿಸೆಫ್ ಹೇಳಿತು. ನೋಡಲು ಬರುವವರು, ಕಾಣಿಕೆ ಕೊಡುವವರು ಹೆಚ್ಚಿದಷ್ಟೂ ಬಡವರ ಮಕ್ಕಳು ಮನೆಯಿಂದ ಅಲ್ಲಿಗೆ ಸೇರುತ್ತಾರೆ. ಮೂರು ದಿನ ಎತ್ತಿಕೊಂಡು ಆಡಿಸಿ ನಾಲ್ಕನೆಯ ದಿನ ಮಾಯವಾಗುವ ಅಕ್ಕ ಅಣ್ಣಂದಿರು ಆ ಕೂಸುಗಳಿಗೆ ಬೇಕಿಲ್ಲ.

ಕ್ಷೇಮದ ಬಗ್ಗೆ: ಟಿಹುವಾನಾದಲ್ಲಿ ಕೊಲೆಗಳು ಹೆಚ್ಚು, ಅದು ಸುಳ್ಳಲ್ಲ. ಹೆಚ್ಚಿನವು ಮಾದಕವಸ್ತು ಗುಂಪುಗಳ ಒಳಜಗಳದವು. ಅಮೆರಿಕದ ವಿದೇಶಾಂಗ ಇಲಾಖೆಯ ಪ್ರವಾಸ ಸೂಚನೆಯನ್ನು ಹೊರಡುವ ವಾರ ಒಮ್ಮೆ ಓದಿ. ಕತ್ತಲಾದ ಮೇಲೆ ವ್ಯಾನು ರಸ್ತೆಗೆ ಇಳಿಯುವುದಿಲ್ಲ ಎಂದು ನಾಯಕರಿಂದ ಮಾತು ತೆಗೆದುಕೊಳ್ಳಿ. ಅಮೆರಿಕದ ವಾಹನ ವಿಮೆ ಗಡಿಯಾಚೆ ನಡೆಯುವುದಿಲ್ಲ, ಮೆಕ್ಸಿಕೋದ ವಿಮೆ ಬೇರೆ ಮಾಡಿಸಬೇಕು. ನಿಮ್ಮ ಆರೋಗ್ಯ ವಿಮೆ ಅಲ್ಲಿಗೆ ಅನ್ವಯಿಸುತ್ತದೆಯೇ ಎಂದೂ ನೋಡಿಕೊಳ್ಳಿ. ನಲ್ಲಿ ನೀರು ಕುಡಿಯಬಾರದು. ಕೈಗವಸು, ಮುಚ್ಚಿದ ಬೂಟು, ಅಗಲ ಅಂಚಿನ ಟೋಪಿ ಸಾಕು. ಮನೆಯಲ್ಲಿ ಬಿದ್ದಿರುವ ಹಳೆಯ ಬಟ್ಟೆಗಳ ಮೂಟೆ ಕಳುಹಿಸಬೇಡಿ, ಹಳೆಯ ಬಟ್ಟೆ ಮಾರುವ ಸಂತೆಗಳು ಅಲ್ಲಿ ಬೇಕಾದಷ್ಟಿವೆ. ಆ ಮನೆಯಾಕೆ ಅಡುಗೆ ಮಾಡಿ ಬಡಿಸಿದರೆ ಉಣ್ಣಬೇಕು ಎಂದು ಮಾತ್ರ ಹೇಳಿ ಕಳುಹಿಸಿ. ಮಗಳು ಸಸ್ಯಾಹಾರಿಯಾದರೆ ಮೊದಲೇ ತಿಳಿಸಿಬಿಡಿ, ಅಲ್ಲಿ ಅವರೆಯಂಥ ಬೇಯಿಸಿದ ಕಾಳಿಗೂ ಕೆಲವೊಮ್ಮೆ ಹಂದಿಯ ಕೊಬ್ಬು ಹಾಕಿರುತ್ತಾರೆ.

ಕೊನೆಗೆ ಕಾಗದ ಪತ್ರ. ಮಗಳು ಅಮೆರಿಕದ ಪ್ರಜೆಯಾಗಿದ್ದರೆ ತೊಡಕಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದು, ಅದರಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಕೈಯಲ್ಲಿ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೋದ ವೀಸಾ ಬೇರೆ ಬೇಕಿಲ್ಲ. ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮಾತ್ರ ವಕೀಲರನ್ನು ಕೇಳದೆ ಗಡಿ ದಾಟಿಸಬೇಡಿ, ಹೋಗುವಾಗ ಯಾರೂ ತಡೆಯದಿದ್ದರೂ ಸ್ಯಾನ್ ಇಸಿದ್ರೋದ ಅಮೆರಿಕ ಗಡಿ ಠಾಣೆಯಲ್ಲಿ ವಾಪಸು ಬರುವಾಗ ತೊಂದರೆಯಾಗಬಹುದು. ನೀವಿಬ್ಬರೂ ಸಹಿ ಮಾಡಿ ನೋಟರಿ ಮಾಡಿಸಿದ ಒಪ್ಪಿಗೆ ಪತ್ರವನ್ನು ನಾಯಕರು ಕೇಳುತ್ತಾರೆ. ಬಾಂಕಿನಲ್ಲಿ ನೋಟರಿಯವರ ಸಮಯ ಸಿಗುವುದು ತಡವಾಗುತ್ತದೆ, ಆ ಕೆಲಸ ಮೊದಲು ಮುಗಿಸಿಕೊಳ್ಳಿ.