ರೋಲರ್ ಹಳೆಯದು, ಬ್ಲೇಡ್ ಹಳೆಯದು: ಮೇಲ್ಮನವಿಯಲ್ಲಿ ಉಳಿಯುವುದೇನು?

ಪ್ರಶ್ನೆ: ಶಿರಸಿ ಹತ್ತಿರ ನನ್ನದೊಂದು ವೆಲ್ಡಿಂಗ್ ವರ್ಕ್‌ಶಾಪ್ ಇದೆ. ಹಸಿ ಅಡಿಕೆ ಸುಲಿಯುವ ಯಂತ್ರ ಮಾಡಿ ಪೇಟೆಂಟಿಗೆ ಹಾಕಿದ್ದೆ. ಒಂದು ಹಳೆಯ ಪೇಟೆಂಟಿನಲ್ಲಿ ರಬ್ಬರ್ ರೋಲರ್ ಇದೆ, ಇನ್ನೊಂದರಲ್ಲಿ ಸ್ಪ್ರಿಂಗ್ ಬ್ಲೇಡ್ ಇದೆ, ಎರಡೂ ಸೇರಿದರೆ ನಿಮ್ಮ ಯಂತ್ರ ಎಂದು ಚೆನ್ನೈ ಪೇಟೆಂಟ್ ಕಚೇರಿ ತಿರಸ್ಕರಿಸಿದೆ. ಅವೆರಡನ್ನೂ ನಾನು ಕಣ್ಣಲ್ಲೂ ಕಂಡವನಲ್ಲ. ಮೇಲ್ಮನವಿ ಹಾಕಲೇ? ಕಾಗದಪತ್ರ ಜೊತೆಗಿಟ್ಟಿದ್ದೇನೆ.
– ಹೆಸರು ಬೇಡ, ಶಿರಸಿ

ಉತ್ತರ: ಕಂಡಿಲ್ಲ ಎಂದರೆ ನಾನು ನಂಬುತ್ತೇನೆ, ಆದರೆ ಕೋರ್ಟಿನಲ್ಲಿ ಆ ಮಾತು ನಡೆಯುವುದಿಲ್ಲ. ನಿಮ್ಮ ಅರ್ಜಿಯ ತಾರೀಖಿಗೆ ಮೊದಲು ಯಾವ ದೇಶದಲ್ಲಿ ಪ್ರಕಟವಾಗಿದ್ದರೂ ಅದು ನಿಮಗೆ ಎದುರು ಸಾಕ್ಷಿಯೇ. ಅಂದ ಹಾಗೆ, ಅರ್ಜಿಗೆ ಮುಂಚೆ ಯಂತ್ರವನ್ನು ಯಾವುದಾದರೂ ಮೇಳದಲ್ಲಿ ಓಡಿಸಿ ತೋರಿಸಿದ್ದೀರಾ? ಹಾಗೆ ತೋರಿಸಿದ್ದೂ ನಿಮಗೆ ಎದುರಾಗಬಹುದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನಗಳಿಗಷ್ಟೇ, ಆಮೇಲೆ ಅರ್ಜಿ ಹಾಕಲು 12 ತಿಂಗಳ ರಿಯಾಯಿತಿ. ಊರ ಮೇಳಕ್ಕೆ ಅದು ಸಿಗದು. ತೋರಿಸಿದ್ದರೆ ವಕೀಲರಿಂದ ಮುಚ್ಚಿಡಬೇಡಿ.

ಈಗ ನಿಮ್ಮ ನಕ್ಷೆಗೆ ಬರುತ್ತೇನೆ. ಲೇತ್ ಮುಂದೆ ನಿಂತು ಬೆಳೆದವನು ನಾನು, ಮೊದಲು ಕಣ್ಣು ಹೋಗುವುದೇ ಅಲ್ಲಿಗೆ. ಕಾಯಿ ಒಳಗೆ ಬಂದಾಗ ರೋಲರ್ ಹಿಂದೆ ಸರಿಯುತ್ತದೆ. ಅದಕ್ಕೆ ಪಿನ್ನಿನಿಂದ ಕೂಡಿಸಿದ ತೋಳು ಬ್ಲೇಡನ್ನೂ ಅಷ್ಟೇ ಎತ್ತುತ್ತದೆ. ಕಾಯಿ ದಪ್ಪಗಿರಲಿ, ಸಣ್ಣಗಿರಲಿ, ಅಲಗು ಸಿಪ್ಪೆಯಲ್ಲೇ ನಿಲ್ಲುತ್ತದೆ, ಒಳಗಿನ ಅಡಿಕೆಗೆ ಗಾಯವಾಗುವುದಿಲ್ಲ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತವರ ಕೈ ಮಾಡುವ ಅಂದಾಜನ್ನು ಈ ತೋಳು ಮಾಡುತ್ತಿದೆ. ಭೇಷ್! ಆದರೆ ನಿಮ್ಮ ಒಂದನೇ ಕ್ಲೈಮಿನಲ್ಲಿ, ಅಂದರೆ ಯಾವುದಕ್ಕೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಬರೆಯುವ ಸಾಲಿನಲ್ಲಿ, ತೋಳಿನ ಸುದ್ದಿಯೇ ಇಲ್ಲ. ‘ರೋಲರ್, ಬ್ಲೇಡ್, ಬ್ಲೇಡಿಗೆ ಸ್ಪ್ರಿಂಗ್’ ಎಂದಷ್ಟೇ ಬರೆಸಿದ್ದಾರೆ. ಬರೆದುಕೊಟ್ಟವರಿಗೆ ಎಷ್ಟು ಫೀ ಕೊಟ್ಟಿರೋ ಕೇಳುವುದಿಲ್ಲ.

ಸುಪ್ರೀಂ ಕೋರ್ಟ್ 1978ರಲ್ಲಿ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ ತೀರ್ಮಾನಿಸಿದ್ದು ಇಂಥದೇ ತಕರಾರನ್ನು. ಪಾತ್ರೆ ಹೊಳಪು ಮಾಡುವಾಗ ಲೇತಿನಲ್ಲಿ ಹಿಡಿದಿಡುವ ಸಾಧನಕ್ಕೆ ಪೇಟೆಂಟ್ ಸಿಕ್ಕಿತ್ತು. ಇದು ವರ್ಕ್‌ಶಾಪಿನ ಸುಧಾರಣೆ, ಆವಿಷ್ಕಾರವಲ್ಲ ಎಂದು ಅದು ಬಿದ್ದುಹೋಯಿತು. ಗೊತ್ತಿದ್ದ ಭಾಗಗಳನ್ನು ಕೂಡಿಸಿದರೆ ತಪ್ಪಿಲ್ಲ, ಕೂಡಿದ ಮೇಲೆ ಹೊಸದೊಂದು ಫಲವೋ, ಮೊದಲಿಗಿಂತ ಒಳ್ಳೆಯ ಅಥವಾ ಅಗ್ಗದ ವಸ್ತುವೋ ಸಿಗಬೇಕು. ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ಕೂಡ, ತಮ್ಮ ಪಾಡಿಗೆ ತಾವು ಕೆಲಸ ಮಾಡುವ ಸಾಧನಗಳ ಬರೀ ಜೋಡಣೆಯನ್ನು ಆವಿಷ್ಕಾರ ಎನ್ನುವುದಿಲ್ಲ. ನಿಮ್ಮಲ್ಲಿ ರೋಲರ್ ಸರಿಯದೆ ಬ್ಲೇಡ್ ಏಳುವುದೇ ಇಲ್ಲ. ನಿಮ್ಮ ವಾದಕ್ಕೆ ಆಧಾರವಾಗಬೇಕಾದ್ದು ಇದೇ. ಹಳೆಯ ಎರಡು ಪೇಟೆಂಟುಗಳಲ್ಲಿ ಈ ಕೊಂಡಿ ಇದೆಯೇ ಎಂದು ಒಂದೊಂದು ಚಿತ್ರವನ್ನೂ ನೋಡಿಸಿ.

ಇದ್ದ ಕ್ಲೈಮನ್ನೇ ಹಿಡಿದು ಹೋಗುವುದಾದರೆ ಮೇಲ್ಮನವಿ ಬೇಡ, ದುಡ್ಡು ದಂಡ. ತೋಳನ್ನು ಸೇರಿಸಿ ಕ್ಲೈಮನ್ನು ಕಿರಿದು ಮಾಡಲು ಅನುಮತಿ ಕೇಳಿ. ಅರ್ಜಿಯ ವಿವರಣೆಯಲ್ಲಿ ಅದು ಮೊದಲೇ ಇರುವುದರಿಂದ 59ನೇ ಸೆಕ್ಷನ್ ಅಡಿ ಕೇಳಲು ಜಾಗವಿದೆ. ಹಿಗ್ಗಿಸಲು ಮಾತ್ರ ಬಿಡುವುದಿಲ್ಲ.

ಮೊದಲು ಇಂಥ ಮೇಲ್ಮನವಿ ಕೇಳುತ್ತಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲೇ ರದ್ದಾಗಿದೆ. ಆದೇಶ ಚೆನ್ನೈ ಕಚೇರಿಯದ್ದಾದ್ದರಿಂದ ನೀವು ಹೋಗಬೇಕಾದ್ದು ಧಾರವಾಡ ಪೀಠಕ್ಕಲ್ಲ, ಮದ್ರಾಸ್ ಹೈಕೋರ್ಟಿಗೆ. ಸೆಕ್ಷನ್ 117ಎ ಪ್ರಕಾರ ಮೇಲ್ಮನವಿಗೆ ಆದೇಶದ ದಿನದಿಂದ 3 ತಿಂಗಳು. ಆಮೇಲೆ ಅವಕಾಶ ಕೊಡುವುದು ಕೋರ್ಟಿನ ಮರ್ಜಿ. ನೀವು ಕಳಿಸಿದ ಪ್ರತಿಯಲ್ಲಿ ತಾರೀಖಿನ ಜಾಗ ಜೆರಾಕ್ಸಿನಲ್ಲಿ ಕಪ್ಪಾಗಿದೆ, ಮೂಲಪ್ರತಿ ತೆಗೆದು ಇವತ್ತೇ ನೋಡಿಕೊಳ್ಳಿ.