ಬಳ್ಳಾರಿಯ ಆಕ್ಟೇವಿಯಾ ಆರ್‌ಎಸ್ 230ಗೆ 19 ಲಕ್ಷ ಕೊಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನೀವು ಗಂಗಾವತಿಯವರು. ಬಳ್ಳಾರಿಯಲ್ಲಿ 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಒಂದು ಮಾರಾಟಕ್ಕಿದೆ, 71 ಸಾವಿರ ಕಿಲೋಮೀಟರ್ ಓಡಿದೆ, ಎರಡನೇ ಓನರ್, ರೀಮ್ಯಾಪ್ ಆಗಿದೆ (ಶಕ್ತಿ ಏರಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಫೈಲ್ ಬದಲಾಯಿಸಿದ್ದಾರೆ), 19 ಲಕ್ಷ ಕೇಳುತ್ತಿದ್ದಾರೆ. ಬೆಂಗಳೂರಲ್ಲಿ ಇಂಥದ್ದೇ ಇನ್ನೊಂದಿದೆ, ಒಬ್ಬರೇ ಓಡಿಸಿದ್ದು, ಏನೂ ಬದಲಾಯಿಸಿಲ್ಲ, ಎಲ್ಲಾ ಬಿಲ್ ಇವೆ, 20 ಲಕ್ಷ. ಯಾವುದು ತಗೊಳ್ಳಲಿ, ಹೋದಾಗ ಏನು ನೋಡಲಿ ಅಂತ ಕೇಳಿದ್ದೀರಿ.

19 ಜಾಸ್ತಿ. ಆದರೆ ಗಾಡಿ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ. ನಾನು ಬಳ್ಳಾರಿಯವನೇ, ಟರ್ಬೊ ಪೆಟ್ರೋಲ್ ಗಾಡಿಗಳನ್ನೇ ಇಟ್ಟುಕೊಂಡು ಬಂದವನು, ಸ್ನೇಹಿತರು ಗಾಡಿ ನೋಡಲು ಹೋಗುವಾಗ ಜೊತೆಗೆ ಹೋಗುತ್ತೇನೆ. ನಮ್ಮ ಕಡೆ ಇಂಥ ಗಾಡಿಯ ಬೆಲೆಯನ್ನು ಮೀಟರ್ ನೋಡಿ ಕಟ್ಟಬಾರದು. ಬಾಕಿ ಉಳಿದಿರುವ ಕೆಲಸ ನೋಡಿ ಕಟ್ಟಬೇಕು. ಯಾಕೆ ಅಂತ ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ನೋಡಬೇಕು. 2019ರಲ್ಲಿ ನಾನು ರಾಯಚೂರಿಗೆ ಒಂದು ಟರ್ಬೊ ಹ್ಯಾಚ್‌ಬ್ಯಾಕ್ ನೋಡಲು ಹೋಗಿದ್ದೆ. ಮೇ ತಿಂಗಳು, ಮಧ್ಯಾಹ್ನ. ನಾನು ಹೋಗುವ ಹೊತ್ತಿಗೆ ಗಾಡಿ ಆನ್ ಆಗಿತ್ತು. "ಬಿಸಿಲು ಭಾಳ ಐತ್ರಿ, ನೀವು ಕೂತಾಗ ತಂಪಿರ್ಲಿ ಅಂತ ಎಸಿ ಹಾಕಿಟ್ಟೀನಿ" ಅಂದರು. ನನಗೆ ಅದು ಒಳ್ಳೆಯತನ ಅಂತಲೇ ಅನಿಸಿತು. ಓಡಿಸಿದೆ, ಚೆನ್ನಾಗಿತ್ತು, ದುಡ್ಡು ಕೊಟ್ಟು ತಂದೆ. ಮರುದಿನ ಬೆಳಿಗ್ಗೆ ಮನೆ ಮುಂದೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬಂತು, ಆಮೇಲೆ ನಿಂತಿತು. ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ, ಅದರ ಸದ್ದು. ಎಂಜಿನ್ ಬಿಸಿ ಇದ್ದರೆ ಆ ಸದ್ದು ಬರುತ್ತಲೇ ಇರಲಿಲ್ಲ. ಟ್ರಕ್ ಮೇಲೆ ಹಾಕಿ ಬೆಂಗಳೂರಿಗೆ ಕಳಿಸಿ ಸರಿ ಮಾಡಿಸುವಷ್ಟರಲ್ಲಿ ಒಂದು ಲಕ್ಷ 40 ಸಾವಿರ ಆಯಿತು. ಅದಕ್ಕೇ ಹೇಳುತ್ತಿದ್ದೇನೆ, ಹಿಂದಿನ ರಾತ್ರಿಯೇ ಫೋನ್ ಮಾಡಿ "ಬೆಳಿಗ್ಗೆ ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಮಾತಾಡಿ ಬಂದುಬಿಡಿ, ಇನ್ನೊಂದು ದಿನ ಹೋಗಿ. ಸ್ಟಾರ್ಟ್ ಆದಾಗ ನೀವು ಬಾನೆಟ್ ಹತ್ತಿರ ನಿಲ್ಲಿ, ಜೊತೆಗೆ ಬಂದವರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ದಪ್ಪ ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಎಂಜಿನ್ ಒಳಗೆ ಹೋಗಿ ಉರಿಯುತ್ತಿದೆ.

ಕೂಲೆಂಟ್ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದರಲ್ಲಿರುವ 2 ಲೀಟರ್ ಟಿಎಸ್‌ಐ, ಅಂದರೆ ಟರ್ಬೊ ಪೆಟ್ರೋಲ್ ಎಂಜಿನ್ ಗಟ್ಟಿಯಾದದ್ದೇ. ಆದರೆ ವಾಟರ್ ಪಂಪ್ ಮತ್ತು ಥರ್ಮೊಸ್ಟಾಟ್ ಒಂದೇ ಪ್ಲಾಸ್ಟಿಕ್ ಹೌಸಿಂಗ್‌ನಲ್ಲಿವೆ, ಅಲ್ಲಿಂದ ಕೂಲೆಂಟ್ ಸೋರುವುದು ಈ ಎಂಜಿನ್ ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. ಸೋರಿಕೆ ನಿಧಾನ, ನೆಲದ ಮೇಲೆ ಬೀಳುವ ಮೊದಲೇ ಬಿಸಿಗೆ ಆರಿಹೋಗುತ್ತದೆ. ಓನರ್‌ಗೆ ಲೆವೆಲ್ ಇಳಿದದ್ದು ಕಾಣುತ್ತದೆ, ಮೇಲಿಂದ ನೀರು ಹಾಕುತ್ತಾರೆ. ನಮ್ಮ ಕಡೆ ಯಾವ ನೀರು? ಬೋರ್‌ವೆಲ್ ನೀರು. ಮನೆಯ ಗೀಸರ್ ಬಿಚ್ಚಿ ನೋಡಿದವರಿಗೆ ಆ ನೀರು ಏನು ಮಾಡುತ್ತದೆ ಅಂತ ಗೊತ್ತು. ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ. 42 ಡಿಗ್ರಿ ಬಿಸಿಲಲ್ಲಿ ಓಡುವ ಟರ್ಬೊ ಎಂಜಿನ್ನಿನ ರೇಡಿಯೇಟರ್ ಒಳಗೆ ಅದು ಕಟ್ಟಿದರೆ ಆಮೇಲೆ ಕಷ್ಟ. ತಣ್ಣಗಿರುವಾಗಲೇ ಡಬ್ಬಿಯ ಲೆವೆಲ್ ಫೋಟೋ ತೆಗೆದುಕೊಳ್ಳಿ, ಬಣ್ಣ ನೋಡಿ. ತೆಳ್ಳಗೆ ನೀರಿನ ಹಾಗಿದ್ದರೆ ಅಥವಾ ಮುಚ್ಚಳದ ಸುತ್ತ ಬಿಳಿ ಪುಡಿ ಇದ್ದರೆ ಪಂಪ್ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಆಮೇಲೆ ನಮ್ಮ ಕೆಂಪು ಧೂಳು. ಸಂಡೂರು, ತೋರಣಗಲ್ಲು, ಹೊಸಪೇಟೆ ಕಡೆ ದಿನಾ ಅದಿರಿನ ಲಾರಿ ಹಿಂದೆ ಓಡಿದ ಗಾಡಿಗೂ ಬೆಂಗಳೂರಲ್ಲಿ ಆಫೀಸಿಗೆ ಹೋಗಿಬಂದ ಗಾಡಿಗೂ ಮೀಟರ್ ಒಂದೇ ಇದ್ದರೂ ವಯಸ್ಸು ಒಂದೇ ಅಲ್ಲ. ವಾಷಿಂಗ್ ಮಾಡಿಸಿದರೆ ಹೊರಗಿನ ಧೂಳು ಹೋಗುತ್ತದೆ, ಸೀಟಿನ ಕೆಳಗಿನ ರೈಲಿನದು ಹೋಗುವುದಿಲ್ಲ. ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಟಾರ್ಚ್ ಹಾಕಿ ನೋಡಿ. ಏರ್ ಫಿಲ್ಟರ್ ಡಬ್ಬಿ ತೆಗೆಸಿ. ಫಿಲ್ಟರ್ ಹೊಸದು ಹಾಕಿರಬಹುದು, ನೀವು ನೋಡಬೇಕಾದದ್ದು ಫಿಲ್ಟರ್ ದಾಟಿದ ನಂತರ ಬರುವ ಪೈಪ್. ಅಲ್ಲಿ ಬೆರಳು ಹಾಕಿದಾಗ ಕೆಂಪು ಹತ್ತಿದರೆ ಆ ಧೂಳು ಟರ್ಬೊ ತನಕ ಹೋಗಿದೆ ಅಂತ ಅರ್ಥ, ನಾನಾದರೆ ಅಂಥ ಗಾಡಿ ಯಾವ ಬೆಲೆಗೂ ತಗೊಳ್ಳುವುದಿಲ್ಲ. ಹಾಗೇ ಸೀಟ್ ಬೆಲ್ಟ್ ಕೊನೆಯವರೆಗೂ ಎಳೆದು ನೋಡಿ. ತುಂಗಭದ್ರಾ ಡ್ಯಾಂನಿಂದ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವುದು ನಿಮಗೆ ನಾನು ಹೇಳಬೇಕಿಲ್ಲ ಅಲ್ವಾ. ನೀರಲ್ಲಿ ನಿಂತ ಗಾಡಿಯಾದರೆ ಬೆಲ್ಟಿನ ಕೊನೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ.

ಈಗ ಗೇರ್‌ಬಾಕ್ಸ್. ಆರ್‌ಎಸ್ 230ರಲ್ಲಿ ಇರುವುದು 6 ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್), ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್. 7 ಗೇರಿನ ಒಣ ಕ್ಲಚ್ಚಿನ ಡಿಎಸ್‌ಜಿ ಬಗ್ಗೆ ನೀವು ಕೇಳಿರುವ ಭಯದ ಕಥೆಗಳನ್ನೆಲ್ಲ ಇದಕ್ಕೆ ಹಚ್ಚಬೇಡಿ, ಇದು ಬಿಸಿ ತಡೆಯುತ್ತದೆ. ಆದರೆ 60 ಸಾವಿರ ಕಿಲೋಮೀಟರ್‌ಗೆ ಒಮ್ಮೆ ಇದರ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಲೇಬೇಕು. ಈ ಗಾಡಿ 71 ಸಾವಿರ ಓಡಿದೆ. ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ, "ನಮ್ಮ ಮೇಸ್ತ್ರಿ ಹಾಕಿದಾನೆ" ಅನ್ನುವುದು ಬಿಲ್ ಅಲ್ಲ.

ಓಡಿಸುವಾಗ ಮೊದಲು ರಾಯಲ್ ಸರ್ಕಲ್ ಕಡೆ ಟ್ರಾಫಿಕ್ಕಿಗೆ ಒಯ್ಯಿರಿ. ಬ್ರೇಕ್ ಬಿಟ್ಟು ಗಾಡಿ ತಾನೇ ನಿಧಾನಕ್ಕೆ ಸರಿಯುವಾಗ ನಡುಕ ಇರಬಾರದು. ಸ್ವಲ್ಪ ಏರಿನಲ್ಲಿ ರಿವರ್ಸ್ ತಗೊಳ್ಳಿ, ಅಲ್ಲೂ ಕುಲುಕಬಾರದು. ಆಮೇಲೆ ಹೊಸಪೇಟೆ ರಸ್ತೆಗೆ ಬನ್ನಿ. ಖಾಲಿ ಜಾಗ ನೋಡಿ, ಮ್ಯಾನ್ಯುಯಲ್ ಮೋಡ್‌ನಲ್ಲಿ ನಾಲ್ಕನೇ ಗೇರ್ ಹಾಕಿ, 2,000 ಆರ್‌ಪಿಎಂನಿಂದ ಆಕ್ಸಿಲರೇಟರ್ ಚೆನ್ನಾಗಿ ಒತ್ತಿ, ಆದರೆ ಕೊನೆಯ ಟಕ್ ಅನ್ನುವವರೆಗೆ ಬೇಡ, ಅಲ್ಲಿಗೆ ಹೋದರೆ ಗೇರ್ ತಾನೇ ಇಳಿಯುತ್ತದೆ. ಆರ್‌ಪಿಎಂ ಮುಳ್ಳು ಮತ್ತು ಸ್ಪೀಡ್ ಮುಳ್ಳು ಎರಡೂ ಜೊತೆಗೆ ಏರಬೇಕು. ಆರ್‌ಪಿಎಂ ಒಂದೇ ಹಾರಿ ಸ್ಪೀಡ್ ಹಿಂದೆ ಉಳಿದರೆ ಕ್ಲಚ್ ಸ್ಲಿಪ್ ಆಗುತ್ತಿದೆ.

ರೀಮ್ಯಾಪ್ ಆದ ಗಾಡಿಯಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಈ ಗಾಡಿ ಕಂಪನಿಯಿಂದ ಬಂದಾಗಲೇ 230 ಪಿಎಸ್ ಶಕ್ತಿ, 350 ಎನ್‌ಎಂ ಟಾರ್ಕ್ (ಎಳೆಯುವ ಬಲ). ರೀಮ್ಯಾಪ್‌ನಲ್ಲಿ ಟಾರ್ಕ್ ಇನ್ನೂ ಏರುತ್ತದೆ, ಆ ಭಾರ ಹೊರುವುದು ಅದೇ ಹಳೇ ಕ್ಲಚ್. ಮಾರುವವರು ರೀಮ್ಯಾಪ್‌ಗೆ ಖರ್ಚಾದದ್ದನ್ನು ನಿಮ್ಮ ಬೆಲೆಗೆ ಸೇರಿಸಿರುತ್ತಾರೆ. ನಾನು ಅದನ್ನು ಕಳೆಯುತ್ತೇನೆ. ಯಾರು ಮಾಡಿದ್ದು, ಎಷ್ಟು ಆಕ್ಟೇನ್ (ಪೆಟ್ರೋಲಿನ ದರ್ಜೆ) ಪೆಟ್ರೋಲ್‌ಗೆ ಬರೆದ ಫೈಲ್, ವಾಪಸ್ ಮೂಲ ಫೈಲ್ ಹಾಕಿಕೊಡುತ್ತಾರಾ, ಈ ಮೂರು ಕೇಳಿ. 97 ಅಥವಾ 100 ಆಕ್ಟೇನ್‌ಗೆ ಬರೆದದ್ದಾದರೆ ಗಂಗಾವತಿಯಲ್ಲಿ ದಿನಾ ಏನು ಹಾಕಿಸುತ್ತೀರಿ? ಇನ್ಶೂರೆನ್ಸ್‌ಗೆ ತಿಳಿಸದೇ ಮಾಡಿದ ಬದಲಾವಣೆ ಕ್ಲೇಮ್ ಹೊತ್ತಿಗೆ ತಲೆನೋವಾಗಬಹುದು, ಅದೂ ನೆನಪಿರಲಿ.

ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು (ಫಾಲ್ಟ್ ಕೋಡ್) ಓದುವ ಸ್ಕ್ಯಾನರ್ ಇರುವ ಒಬ್ಬ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ಹೋಗಿ, ಎರಡು ಮೂರು ಸಾವಿರ ಹೋದರೂ ಪರವಾಗಿಲ್ಲ. ಫಾಲ್ಟ್ ಕೋಡ್ ಏನೂ ಇಲ್ಲ ಅಂತ ಬಂದರೆ ಖುಷಿಪಡಬೇಡಿ, ಎಂಜಿನ್ನಿನ ಸ್ವಯಂ ಪರೀಕ್ಷೆಗಳು ಪೂರ್ತಿ ಆಗಿವೆಯಾ ಅಂತಲೂ ನೋಡಿಸಿ. ಪೂರ್ತಿ ಆಗಿಲ್ಲ ಅಂದರೆ ಯಾರೋ ಮೊನ್ನೆ ಮೊನ್ನೆ ಕೋಡ್ ಅಳಿಸಿರಬಹುದು.

ಪೇಂಟ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಂಪರ್, ಬಾನೆಟ್ ಮತ್ತೆ ಪೇಂಟ್ ಆಗಿರುವುದು ನಮ್ಮ ರಸ್ತೆಯ ಕಲ್ಲಿಗೆ ಸಾಮಾನ್ಯ. ಬಾಗಿಲ ಕಂಬಗಳು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಜಾಗ, ಮುಂದೆ ಸಸ್ಪೆನ್ಷನ್ ಕೂರುವ ಜಾಗ, ಇಲ್ಲಿ ಟಿಂಕರಿಂಗ್ ಅಥವಾ ಹೊಸ ವೆಲ್ಡಿಂಗ್ ಕಂಡರೆ ಮಾತ್ರ ಎದ್ದು ಬನ್ನಿ. ಲಿಫ್ಟ್ ಮೇಲೆ ಏರಿಸಿ ಕೆಳಗಿನ ಕವರ್ ಇದೆಯಾ, ಆಯಿಲ್ ಸಂಪ್‌ಗೆ ಏಟು ಬಿದ್ದಿದೆಯಾ ನೋಡಿ. ಹಂಪ್‌ಗಳ ದಯದಿಂದ ತಗ್ಗಿನ ಗಾಡಿಗಳ ಹೊಟ್ಟೆ ಇಲ್ಲಿ ಯಾವತ್ತೂ ಉಜ್ಜಿರುತ್ತದೆ.

ಕಾಗದದಲ್ಲಿ ಒಂದೇ ಮುಖ್ಯ ವಿಷಯ. ಇಲ್ಲಿ ಇಂಥ ಗಾಡಿಗಳನ್ನು ಸಂಸ್ಥೆಯ ಹೆಸರಲ್ಲಿ, ಸಾಲದ ಮೇಲೆ ತಗೊಂಡಿರುವುದು ಜಾಸ್ತಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದೆ ಅಂತ ಬ್ಯಾಂಕ್ ಕೊಡುವ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಕೆಎ-34 ಗಾಡಿಯನ್ನು ನಿಮ್ಮ ಕೆಎ-37 ಕಡೆಗೆ ತಂದರೆ ಮತ್ತೆ ರಸ್ತೆ ತೆರಿಗೆ ಇಲ್ಲ, ರಾಜ್ಯ ಒಂದೇ. ದೆಹಲಿಯಿಂದ ಅಗ್ಗಕ್ಕೆ ಬರುವ ಗಾಡಿಗಳಿಗೆ ಆ ಅನುಕೂಲ ಇಲ್ಲ.

ಈಗ ಬೆಲೆ. ಆರ್‌ಎಸ್ 230 ಇಲ್ಲಿಗೆ ಬಂದದ್ದೇ ಕೆಲವೇ ನೂರು, ಅದಕ್ಕೆ ಬೆಲೆ ಬೇಗ ಇಳಿಯುವುದಿಲ್ಲ, ಮಾರುವವರು ಹೇಳುವ ಆ ಮಾತು ನಿಜ. ಆದರೆ ಅಪರೂಪದ ಗಾಡಿ ಅಂತ ಕೊಡುವ ಆ ಬೆಲೆ, ಏನೂ ಬದಲಾಯಿಸದ, ಬಿಲ್ ಇರುವ ಗಾಡಿಗೆ ಮಾತ್ರ. ಬೆಂಗಳೂರಿನದು 20 ಕೇಳಿದರೆ ಹತ್ತೊಂಬತ್ತೂಕಾಲು ಲಕ್ಷಕ್ಕೆ ಕೂರಬಹುದು. ಬಳ್ಳಾರಿ ಗಾಡಿಗೆ ಅಲ್ಲಿಂದ ಇಳಿಯೋಣ. ಎರಡನೇ ಓನರ್ ಮತ್ತು ರೀಮ್ಯಾಪ್‌ಗೆ ನಾನು ಒಂದು ಲಕ್ಷ ಕಳೆಯುತ್ತೇನೆ. ನೀವು ಹಾಕಿದ ಫೋಟೋದಲ್ಲಿ ಟೈರ್ ಮೇಲೆ 2219 ಅಂತ ಕಾಣುತ್ತಿದೆ, ಅಂದರೆ 2019ರ 22ನೇ ವಾರದ ಟೈರ್. ಮೇಲಿನ ಗೆರೆಗಳು (ಟ್ರೆಡ್) ಚೆನ್ನಾಗಿ ಕಂಡರೂ ನಮ್ಮ ಬಿಸಿಲಿಗೆ ಅದರ ರಬ್ಬರ್ ಗಟ್ಟಿಯಾಗಿ ಹೋಗಿದೆ, ಈ ವೇಗದ ಗಾಡಿಗೆ ಅದು ಬೇಡವೇ ಬೇಡ. ನಾಲ್ಕು ಒಳ್ಳೆ ಟೈರ್‌ಗೆ 55 ಸಾವಿರ ಇಡಿ. ಡಿಎಸ್‌ಜಿ ಆಯಿಲ್ ಬಿಲ್ ಇಲ್ಲದಿದ್ದರೆ 25 ಸಾವಿರ. ಇವಿಷ್ಟಕ್ಕೇ 17 ಲಕ್ಷ 45 ಸಾವಿರಕ್ಕೆ ಬಂತು. ಕೂಲೆಂಟ್ ಸೋರಿಕೆ ಕಂಡರೆ ಇನ್ನೂ 40 ಸಾವಿರ. ಇವು ನಾನು ಹಾಕುವ ಅಂದಾಜು, ನಿಮ್ಮ ಮೇಸ್ತ್ರಿ ಹತ್ತಿರ ಒಮ್ಮೆ ಕೇಳಿಕೊಳ್ಳಿ. ಹದಿನಾರೂವರೆಯಿಂದ ಮಾತು ಶುರು ಮಾಡಿ, ಹದಿನೇಳೂವರೆ ದಾಟಬೇಡಿ. ಸುಮ್ನೆ "ಕಡಿಮೆ ಮಾಡಿ" ಅನ್ನಬೇಡಿ, ಈ ಲೆಕ್ಕವನ್ನೇ ಹಾಳೆಯಲ್ಲಿ ಬರೆದು ಅವರ ಮುಂದೆ ಇಡಿ. ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರಾದರೆ ಸಿಟ್ಟಾಗುವುದಿಲ್ಲ, ಒಂದೊಂದಕ್ಕೂ ಬಿಲ್ ತಂದು ತೋರಿಸುತ್ತಾರೆ, ಆಗ ನೀವೂ ಆ ಸಾಲು ಹೊಡೆದುಹಾಕಿ ಅಷ್ಟು ಏರಿಸಿ.

18ಕ್ಕಿಂತ ಕೆಳಗೆ ಬರಲೇ ಇಲ್ಲ ಅಂದರೆ ಬೆಂಗಳೂರಿನ ಗಾಡಿಗೆ ಹೋಗಿ, ಒಂದೂಕಾಲು ಲಕ್ಷ ಜಾಸ್ತಿ ಆದರೂ ನಾನು ಅದನ್ನೇ ತರುತ್ತೇನೆ. ಅದಕ್ಕೂ ಬೆಳಿಗ್ಗೆ ತಣ್ಣನೆಯ ಸ್ಟಾರ್ಟ್ ಬಿಡಬೇಡಿ. ಸ್ಕ್ಯಾನ್ ರಿಪೋರ್ಟ್ ಸಿಕ್ಕಿದರೆ ಕೋಡ್ ನಂಬರ್ ಸಮೇತ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.