ಗದ್ದದ ಕೂದಲಿಗೆ ಲೇಸರ್ ಮಾಡಿಸುವ ಮೊದಲು

ಪ್ರಶ್ನೆ: ನನಗೆ 23 ವರ್ಷ, ಊರು ಕುಂದಾಪುರದ ಹತ್ತಿರ. ಗದ್ದದಲ್ಲಿ ದಪ್ಪ ಕಪ್ಪು ಕೂದಲು ಬರುತ್ತಿದೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಪಾರ್ಲರಿನವರು ಹೇಳಿದ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದೇನೆ. ಮದುವೆ ಮಾತುಕತೆ ನಡೆಯುತ್ತಿದೆ. ಮಂಗಳೂರಿನಲ್ಲಿ ಲೇಸರ್ ಮಾಡಿಸಿದರೆ ಶಾಶ್ವತವಾಗಿ ಹೋಗುತ್ತದಾ?

ಎಲ್ಲರೂ ಕೇಳುವುದು ಲೇಸರ್ ಬಗ್ಗೆಯೇ. ಮುಟ್ಟಿನ ವಿಷಯ ನಡುವೆ ಒಂದು ಸಾಲು. ನನಗೆ ಮುಖ್ಯ ಆ ಸಾಲು. ಗದ್ದದ ಕೂದಲು, ತಪ್ಪುವ ಮುಟ್ಟು ಒಟ್ಟಿಗೆ ಇದ್ದರೆ ಹೆಚ್ಚಿನವರಲ್ಲಿ ಪಿಸಿಒಎಸ್ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಇರುತ್ತದೆ. ಅಂಡಾಶಯ ಗಂಡು ಹಾರ್ಮೋನನ್ನು ಜಾಸ್ತಿ ಮಾಡುತ್ತಿರುತ್ತದೆ. ಅದನ್ನು ಬಿಟ್ಟು ಬರೀ ಲೇಸರ್ ಮಾಡಿಸಿದರೆ ಹೊಸ ಕೂದಲು ಬರುತ್ತಲೇ ಇರುತ್ತದೆ. ಮೊದಲು ರಕ್ತದಲ್ಲಿ ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನ್), ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಶುಗರ್ ನೋಡಿಸಿ. ಅದನ್ನು ನೋಡಿ ಡಾಕ್ಟರು ಕೊಡುವ ಮಾತ್ರೆಯ ಫಲ ಕಾಣಲು ಆರು ತಿಂಗಳು ಬೇಕು. ಒಂದೇ ತಿಂಗಳಿಗೆ ಇನ್ನೊಬ್ಬ ಡಾಕ್ಟರ ಹತ್ತಿರ ಓಡಬೇಡಿ. ಗಂಡು ಹಾರ್ಮೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೊಟ್ಟಿದ್ದರೆ ಆ ಸಮಯದಲ್ಲಿ ಗರ್ಭ ನಿಲ್ಲಬಾರದು. ಮದುವೆ ಗೊತ್ತಾದ ಕೂಡಲೇ ಡಾಕ್ಟರಿಗೆ ಹೇಳಿ.

ಇನ್ನು ಆ ಕ್ರೀಮ್. ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಮೊದಲು ಮುಖ ಬೆಳ್ಳಗೆ ಕಾಣುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಎದ್ದು ಕಾಣುತ್ತವೆ, ಮೊಡವೆ ಏಳುತ್ತದೆ, ಕೂದಲು ಇನ್ನೂ ಹೆಚ್ಚುತ್ತದೆ! ಚೀಟಿ ಇಲ್ಲದೆ ಇವನ್ನು ಮಾರಬಾರದೆಂದು 2018ರಲ್ಲೇ ನಿಯಮ ಬಿಗಿಯಾಗಿದೆ. ಆದರೂ ಮೆಡಿಕಲ್‌ನಲ್ಲಿ ಕೇಳಿದರೆ ಕೊಡುತ್ತಾರೆ. ನೋಡಿ ನೋಡಿ ಸಿಟ್ಟು ಬರುತ್ತದೆ. ಒಮ್ಮೆಲೇ ಬಿಟ್ಟರೆ ಮುಖ ಉರಿಯಬಹುದು, ಚರ್ಮದ ಡಾಕ್ಟರಿಗೆ ತೋರಿಸಿ ಬಿಡಿ.

ಲೇಸರ್ ಬೇಡ ಎನ್ನುವುದಿಲ್ಲ. ಕೂದಲು ಕಡಿಮೆಯಾಗುತ್ತದೆ. ಒಂದೂ ಬರುವುದಿಲ್ಲ ಎಂದು ಗ್ಯಾರಂಟಿ ಕೊಡುವವರ ಬಾಗಿಲಿಗೆ ಹೋಗಬೇಡಿ. ನಮ್ಮ ಬಣ್ಣಕ್ಕೆ 1064 ನ್ಯಾನೊಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಆರೆಂಟು ಸಲ ಹೋಗಬೇಕಾಗುತ್ತದೆ. ಅದಕ್ಕೆ ಒಂದು ತಿಂಗಳ ಮೊದಲೇ ವ್ಯಾಕ್ಸ್, ಥ್ರೆಡಿಂಗ್ ನಿಲ್ಲಿಸಿ. ಬುಡವನ್ನೇ ಕಿತ್ತು ಬಂದರೆ ಲೇಸರ್ ಹಿಡಿಯುವುದು ಎಲ್ಲಿಗೆ?

ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ, ಸ್ವರವೂ ಗಡಸಾದರೆ ಮಾತ್ರ ಕಾಯಬೇಡಿ. ಅಂಡಾಶಯದಲ್ಲಿ ಅಥವಾ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದೆಯಾ ಎಂದು ಕೂಡಲೇ ನೋಡಬೇಕು.

ಪ್ರಶ್ನೆ: ಶೇವ್ ಮಾಡಿದರೆ ಗಡ್ಡ ದಪ್ಪ ಬರುತ್ತದಂತೆ, ಹೌದಾ? (ಸುರತ್ಕಲ್)

ಇಲ್ಲ. ಕತ್ತರಿಸಿದ ತುದಿ ಮೊಂಡಾಗಿ ಕೈಗೆ ಒರಟಾಗುತ್ತದೆ, ಅಷ್ಟೇ.

ಪ್ರಶ್ನೆ: ಕಸ್ತೂರಿ ಅರಸಿನ ಹಚ್ಚಬಹುದಾ? (ಮಲ್ಪೆ)

ಹಚ್ಚಿ, ಆದರೆ ಕೂದಲು ಹೋಗುವುದಿಲ್ಲ. ಅದಕ್ಕೆ ಸುಣ್ಣ, ಸೋಡಾ ಸೇರಿಸಿ ಅನ್ನುವ ವೀಡಿಯೊ ನಂಬಿ ಮುಖ ಸುಟ್ಟುಕೊಳ್ಳಬೇಡಿ.

ಪ್ರಶ್ನೆ: ಅಮ್ಮನಿಗೆ 58. ಗದ್ದದ ಬಿಳಿ ಕೂದಲಿಗೆ ಲೇಸರ್? (ಮೂಡುಬಿದಿರೆ)

ಲೇಸರ್ ಹಿಡಿಯುವುದು ಕಪ್ಪನ್ನು. ಬಿಳಿಗೆ ಒಂದೊಂದೇ ಕೂದಲಿನ ಬುಡಕ್ಕೆ ಸೂಜಿಯಿಂದ ಕರೆಂಟ್ ಕೊಡುವ ಎಲೆಕ್ಟ್ರೋಲಿಸಿಸ್ ಇದೆ, ಇಲ್ಲವೇ ಚಿಮುಟದಲ್ಲಿ ಕೀಳಿ. ಬಿಳಿಗೂ ಲೇಸರ್ ಮಾಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.